ಮುಖ ನೋಡಿ ಆಟ ಮಾರುತ್ತಿದ್ದವರು

ಕಳೆದ ತಿಂಗಳು ನಮ್ಮ ಹೊಸೂರಿನ ಆಲಸನತ್ತಂ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಶ್ರದ್ಧಾಂಜಲಿಯ ಫೋಟೊ ಬಂತು. ನೆಂಟರಿಗೆ ಬೇರೆ ಫೋಟೊ ಸಿಗಲಿಲ್ಲವೋ ಏನೋ, ಕೊರಳಲ್ಲಿ ಸಮ್ಮೇಳನದ ಗುರುತಿನ ಪಟ್ಟಿ ನೇತಾಡುತ್ತಿರುವ ಫೋಟೊವನ್ನೇ ಹಾಕಿದ್ದರು. ಕೈಯಲ್ಲಿ ಮೈಕು, ಮುಖದಲ್ಲಿ ನಗು. ಅವರ ಹಿಂದಿನ ಪರದೆಯ ಮೇಲೆ, ವಿಡಿಯೋ ಗೇಮ್ ಮಾಡುವ ಹೊಸಬರು ಪಬ್ಲಿಷರುಗಳ ಮುಂದೆ ಹೇಗೆ ಮಾತಾಡಬೇಕು ಎಂಬ ಭಾಷಣದ ತಲೆಬರಹ ಅರ್ಧಂಬರ್ಧ ಕಾಣುತ್ತಿತ್ತು. ಕೊನೆಕೊನೆಗೆ ಅವರು ಇದನ್ನೇ ಹುಡುಗರಿಗೆ ಕಲಿಸುತ್ತಿದ್ದರಂತೆ. ನೋಡಿ ನನಗೆ ಅಳು ಬರಲಿಲ್ಲ. ಎಲ್ಲರೂ ಹಾಕಿದ ಹಾಗೆ ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಫೋನನ್ನು ಮಗುಚಿಟ್ಟೆ.

ಅವರು ನಮ್ಮ ಮನೆಯಿಂದ ಮೂರನೇ ಮನೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಮಾಡುತ್ತಿದ್ದು, ಐವತ್ತು ತುಂಬುವ ಮೊದಲೇ ಬಿಟ್ಟು ಬಂದಿದ್ದರು. ಮದುವೆಯಾಗಿರಲಿಲ್ಲ. ಕೆಳಗೆ ತಾಯಿ, ಮಹಡಿಯ ಮೇಲಿನ ಕೋಣೆಯಲ್ಲಿ ಇವರು ಮತ್ತು ಇವರ ಕಂಪ್ಯೂಟರು. ನಾನು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವಳು. ನನ್ನ ಬಾಯಿ ಸ್ವಲ್ಪ ಜೋರು ಅಂತ ಸ್ಟಾಫ್ ರೂಮಿನಲ್ಲೂ ಬೀದಿಯಲ್ಲೂ ಎಲ್ಲರಿಗೂ ಗೊತ್ತು. ಇವರು ಮಾತ್ರ ಅದಕ್ಕೆ ಹೆದರದೆ ಒಂದು ಭಾನುವಾರ ಗೇಟಿನ ಹತ್ತಿರ ಬಂದು ನಿಂತರು.

"ಮಿಸ್ಸು, ಒಂದು ಚಿತ್ರ ಬರ್ಕೊಡ್ತೀರಾ? ನಮ್ಮಮ್ಮ ಹೂವಿನ ಬುಟ್ಟಿ ಇಟ್ಕಂಡು ಹೋಗೋ ತರ. ಹಿಂದ್ಲಿಂದ ನೋಡುದ್ರೂ ಅವ್ಳೇ ಅಂತ ಗೊತ್ತಾಗ್ಬೇಕು."

ಅವರ ತಾಯಿ ಹೊಸೂರಿನ ಬೀದಿಗಳಲ್ಲಿ ಹೂ ಮಾರಿ ಮಗನನ್ನು ಓದಿಸಿದವರು. ಇಳಿವಯಸ್ಸಿನಲ್ಲೂ ಬುಟ್ಟಿ ಬಿಟ್ಟಿರಲಿಲ್ಲ. ಮಗ ಕಂಪ್ಯೂಟರಿನಲ್ಲಿ ಮಾಡಲು ಹೊರಟಿದ್ದ ವಿಡಿಯೋ ಗೇಮ್ ಅವರ ಬಗ್ಗೆಯೇ. ಬೆಳಗಿನ ಹೊತ್ತು ಒಬ್ಬ ಮುದುಕಿ ಒಂದು ಬೀದಿಯಲ್ಲಿ ಹೂ ಮಾರುತ್ತಾ ಹೋಗುತ್ತಾಳೆ. ಪ್ರತಿ ಮನೆಯ ಮುಂದೆ ಆ ಮನೆಯವರ ಮಾತಿನಲ್ಲಿ ಕೂಗಬೇಕು. ಕನ್ನಡದ ಮನೆಯೋ ತಮಿಳಿನದೋ ತೆಲುಗಿನದೋ ಎಂಬುದನ್ನು ಆಡುವವರು ರಂಗೋಲಿ ನೋಡಿ, ಒಳಗಿನ ರೇಡಿಯೋ ಕೇಳಿ, ಒಗ್ಗರಣೆಯ ಹೊಗೆ ನೋಡಿ ಊಹಿಸಬೇಕು. ಸರಿಯಾಗಿ ಕೂಗಿದರೆ ಬಾಗಿಲು ಬೇಗ ತೆರೆಯುತ್ತದೆ. ತಪ್ಪಿದರೆ ತಡವಾಗಿ ತೆರೆಯುತ್ತದೆ, ಬುಟ್ಟಿಯ ಹೂ ಬಾಡುತ್ತದೆ. ಅಷ್ಟೇ ಆಟ. ಹೊಡೆದಾಟವಿಲ್ಲ, ಸಾವಿಲ್ಲ.

ಆಗ ಅವರು ಮಾಡಿದ ಕೆಲಸವನ್ನು ನಾನು ಈಗಲೂ ಹೊಗಳುತ್ತೇನೆ. ಬಾಗಿಲು ತೆರೆಯುವುದನ್ನು ಅಷ್ಟು ಚೆಂದ ಮಾಡಿದವರನ್ನು ನಾನು ನೋಡಿಲ್ಲ. ಬೀದಿಯ ಒಂದೊಂದು ಮನೆಗೂ ಹೋಗಿ ಚಿಲಕದ ಸದ್ದು ಹಿಡಿದುಕೊಂಡು ಬಂದರು. ನಮ್ಮ ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಒದ್ದರೆ ಮಾತ್ರ ತೆರೆಯುತ್ತಿತ್ತು. ಆಟದಲ್ಲೂ ಹಾಗೇ, ಮೊದಲು ಒಳಗಿನಿಂದ ಒಂದು ಒದೆತ, ಆಮೇಲೆ ಬಾಗಿಲು. ನನ್ನ ಗಂಡ ಅದನ್ನು ನೋಡಿ ನಕ್ಕು, ಮಾರನೇ ದಿನವೇ ಬಡಗಿಯನ್ನು ಕರೆಸಿದರು.

ಆ ಮುದುಕಿಗೆ ದನಿ ಕೊಟ್ಟದ್ದು ತಾಯಿಯೇ. ಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೈಕು ಇಟ್ಟು ಕೂಗಮ್ಮ ಅಂದರೆ ಅವರ ಗಂಟಲಿನಿಂದ ದನಿಯೇ ಹೊರಡಲಿಲ್ಲ.

"ಎದ್ರುಗೆ ಮನೇನೇ ಇಲ್ದೆ ಯಾರ್ನ ಕೂಗ್ಲಿ ಹೇಳ್ಲಾ? ಗೋಡೆ ಹೂ ತಗಂತದಾ?"

ಕೊನೆಗೆ ಕೋಣೆಯ ಹೊರಗೆ, ತೆರೆದ ಮಹಡಿಯ ಮೇಲೆ ನಿಲ್ಲಿಸಿದೆವು. ಎದುರಿನ ಮನೆಗಳನ್ನು ನೋಡಿದ್ದೇ ತಡ, "ಹೂವಮ್ಮೋ ಹೂವು" ಅಂತ ಒಂದು, "ಪೂ ವಾಂಗಲಿಯಾಮ್ಮಾ" ಅಂತ ಒಂದು, "ಪೂಲು ಕಾವಾಲಾ ಅಮ್ಮಾ" ಅಂತ ಒಂದು, ಒಂದೊಂದು ಮನೆಯ ಕಡೆ ತಿರುಗಿ ಒಂದೊಂದು ಕೂಗು. ಹಿಂದಿನ ಬೀದಿಯ ಹೆಂಗಸೊಬ್ಬಳು ತಟ್ಟೆ ಹಿಡಿದು ಹೊರಗೆ ಬಂದು ನಿಂತಳು. ಆಟದಲ್ಲಿ ಆ ತಟ್ಟೆಯ ಸದ್ದೂ ಇದೆ. ಆ ದಿನದಿಂದ ಅವರು ಹೂ ಕೊಡುವ ಮನೆಯಲ್ಲೆಲ್ಲಾ "ನನ್ ಕೂಗು ಆಟ್ದಾಗೆ ಬತ್ತದಂತೆ ಕಣಮ್ಮ, ದೇಸ ದೇಸ್ದಾಗೆ ಕೇಳ್ತದಂತೆ" ಅಂತ ಹೇಳಿಕೊಂಡು ಬಂದರು. ಯಾವಾಗ ಬರುತ್ತದೆ ಅಂತ ಬೀದಿಯವರು ಕೇಳುವುದಕ್ಕೂ ಶುರು ಮಾಡಿದರು. ಆ ವಯಸ್ಸಿನಲ್ಲಿ ಅವರಿಗಿದ್ದ ಒಂದೇ ಆಸೆ ಅದು.

ಇನ್ನು ಇವರ ಸ್ವಭಾವ. ಹೊಸೂರಿನಲ್ಲಿ ನಾವೆಲ್ಲ ಎದುರಿನವನ ಬಾಯಲ್ಲಿ ಯಾವ ಮಾತು ಬರುತ್ತದೋ ಅದಕ್ಕೇ ಹೊರಳುವವರು. ಅದು ನಮಗೆ ಮರ್ಯಾದೆ, ಯಾರೂ ಕಲಿಸಿದ್ದಲ್ಲ. ಇವರು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಮಾತಿನ ಜೊತೆ ಅಭಿಪ್ರಾಯವನ್ನೂ ಬದಲಾಯಿಸಿಬಿಡುತ್ತಿದ್ದರು. ಒಮ್ಮೆ ಜೂಜುವಾಡಿಯ ಹತ್ತಿರ ಒಂದು ಲಾರಿ ನನ್ನ ಸ್ಕೂಟರಿಗೆ ಒರೆಸಿಕೊಂಡು ಹೋಯಿತು. ಕನ್ನಡಿ ಮುರಿಯಿತು. ಅಲ್ಲೇ ಟೀ ಕುಡಿಯುತ್ತಿದ್ದ ಇವರು ಓಡಿ ಬಂದರು. ಡ್ರೈವರಿನ ಹತ್ತಿರ ತೆಲುಗಿನಲ್ಲಿ, ಪೊಲೀಸಿನವನ ಹತ್ತಿರ ತಮಿಳಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ, ನಿಮ್ಮದೇ ಸರಿ ಅಂತ ಮೂವರಿಗೂ ಹೇಳಿದರು. ಜಗಳ ನಿಂತಿತು. ಮೂವರೂ ಗೆದ್ದವರ ಹಾಗೆ ಹೊರಟೆವು. ಮನೆಗೆ ಬಂದ ಮೇಲೆ ನೋಡುತ್ತೇನೆ, ಮುರಿದ ಕನ್ನಡಿ ಮುರಿದೇ ಇದೆ.

ಆಟ ಒಂದು ಹದಕ್ಕೆ ಬಂದ ಮೇಲೆ ಅದನ್ನು ಪಬ್ಲಿಷರುಗಳಿಗೆ ತೋರಿಸಬೇಕು ಅಂದರು. ದುಡ್ಡು ಹಾಕಿ, ಮುಗಿಸಿ, ಲೋಕಕ್ಕೆಲ್ಲ ಆಟವನ್ನು ಬಿಡುವ ಕಂಪನಿಗಳು ಅವು. ವರ್ಷಕ್ಕೆ ಒಂದೆರಡು ಸಲ ದೊಡ್ಡ ಊರುಗಳಲ್ಲಿ ಸಮ್ಮೇಳನ ನಡೆಯುತ್ತದೆ. ಆಟ ಮಾಡಿದವರು ಒಂದೊಂದು ಮೇಜು ಹಿಡಿದು ಕೂರುತ್ತಾರೆ, ಪಬ್ಲಿಷರು ಕಾಲು ಗಂಟೆ ಕೊಡುತ್ತಾನೆ, ಆ ಕಾಲು ಗಂಟೆಯಲ್ಲಿ ಅವನನ್ನು ಒಲಿಸಬೇಕು. ಇದಕ್ಕೆ ಪಿಚ್ ಮಾಡುವುದು ಅನ್ನುತ್ತಾರೆ. ಚಿತ್ರ ಬರೆದವಳು ಅಂತ ನನ್ನನ್ನೂ ಕರೆದುಕೊಂಡು ಹೋದರು.

ಮೊದಲನೆಯದು ಬೆಂಗಳೂರಿನ ಒಂದು ಹೋಟೆಲಿನಲ್ಲಿ. ಆ ಜಾಗವನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಆಟ ಮಾಡಿದವರಿಗೆ ಕಿತ್ತಳೆ ಪಟ್ಟಿ, ಪಬ್ಲಿಷರುಗಳಿಗೆ ನೀಲಿ ಪಟ್ಟಿ. ಎದುರು ಬಂದವನು ಮೊದಲು ನನ್ನ ಎದೆ ನೋಡುತ್ತಿದ್ದ. ಬಸ್ಸಿನಲ್ಲಿ ಅಂಥ ನೋಟ ಅಭ್ಯಾಸವಾಗಿದೆ, ತಿರುಗಿ ಬೈಯುವುದೂ ಬರುತ್ತದೆ. ಇಲ್ಲಿ ಅವನಿಗೆ ಬೇಕಾಗಿದ್ದದ್ದು ಪಟ್ಟಿಯ ಬಣ್ಣ. ಕಿತ್ತಳೆ ಅಂತ ಗೊತ್ತಾದ ಕೂಡಲೇ, ತುಟಿಯ ಮೇಲೆ ಅರ್ಧ ಬಂದಿದ್ದ ನಗುವನ್ನು ವಾಪಸ್ ತಗೊಂಡು ಮುಂದಕ್ಕೆ ಹೋಗುತ್ತಿದ್ದ. ನಿನ್ನೆಯವರೆಗೆ ಗುರುತೇ ಇಲ್ಲದವರು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಊಟದ ಕಡೆ ಕಡ್ಡಿಗೆ ಚುಚ್ಚಿದ, ಉಪ್ಪುಖಾರ ಇಲ್ಲದ ಏನೇನೋ ತುಣುಕುಗಳು. ಇವರು ಅದನ್ನು ಪ್ರಸಾದದ ಹಾಗೆ ತಿಂದು, ಎರಡನ್ನು ಕಾಗದದಲ್ಲಿ ಸುತ್ತಿ ಅಮ್ಮನಿಗೆ ಅಂತ ಜೇಬಿಗೆ ಹಾಕಿಕೊಂಡರು.

ನಮಗೆ ಸಿಕ್ಕಿದ ನೀಲಿ ಪಟ್ಟಿಯವನು ಎಳೆ ವಯಸ್ಸಿನವನು. ಏನನ್ನೋ ಅಗಿಯುತ್ತಿದ್ದ. ಇವರು ಎದ್ದು ನಿಂತು, ಅವನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂರಿಸಿದರು. ಅವನು ಆಟ ನೋಡಲಿಲ್ಲ, ಫೋನು ನೋಡುತ್ತಲೇ ಕೇಳಿದ, "ಇದರಲ್ಲಿ ಶತ್ರು ಯಾರು?"

"ಶತ್ರು ಇದಾರೆ ಸಾರ್," ಅಂದರು ಇವರು. ನಾನು ಬೆಚ್ಚಿ ತಿರುಗಿ ನೋಡಿದೆ. "ನಾಯಿ ಸಾರ್. ಬೀದಿ ನಾಯಿ ಅಟ್ಟಿಸ್ಕೊಂಡು ಬರುತ್ತೆ."

ನಾಯಿ ಎಲ್ಲಿತ್ತು? ಆ ಕ್ಷಣದಲ್ಲಿ ಹುಟ್ಟಿತು. ಅವನು "ಮ್" ಅಂದು ಎದ್ದು ಹೋದ. ಆಮೇಲೆ ನಾವು ಆಟವನ್ನು ಮೇಜಿನ ಮೇಲೆ ತೆರೆದಿಟ್ಟೇ ಊಟಕ್ಕೆ ಹೋಗಿದ್ದೆವು. ಯಾರಾದರೂ ಬಂದು ಆಡಿದರೋ ಇಲ್ಲವೋ ನೋಡಿದವರಿಲ್ಲ. ವಾಪಸ್ ಬರುವಾಗ ಬಸ್ಸು ಅತ್ತಿಬೆಲೆ ದಾಟುವ ಹೊತ್ತಿಗೆ ಅವರು ಹೇಳಿದರು, "ಒಂದ್ ನಾಯಿ ಹಾಕ್ಬುಡಾನ ಮಿಸ್ಸು. ಕೇಳ್ದ ಅಲ್ವಾ."

ಬೈದುಕೊಂಡೇ ನಾಯಿ ಬರೆದುಕೊಟ್ಟೆ. ಮುಂದಿನ ಸಲ ಒಬ್ಬ ಹೆಂಗಸು ಸಿಕ್ಕಿದಳು. ಮುದುಕಿ ತೀರಾ ಮುದುಕಿಯಾದಳು, ಇವಳ ಮೊಮ್ಮಗಳು ಇದ್ದರೆ ಚೆನ್ನಾಗಿತ್ತು ಅಂದಳು. "ಮೊಮ್ಮಗಳೇ ಮೇಡಂ ಮುಖ್ಯ, ಅಜ್ಜಿ ಶುರುವಿಗೆ ಮಾತ್ರ," ಅಂದರು. ಇನ್ನೊಬ್ಬ ಬಂದು ಇದು ದೆವ್ವದ ಆಟವೇ ಅಂತ ಕೇಳಿದ. "ರಾತ್ರಿ ಆದ ಮೇಲೆ ದೆವ್ವಾನೇ ಸಾರ್." ನಾಲ್ಕು ಜನ ಕೂಡಿ ಆಡುವುದೇ ಅಂತ ಮತ್ತೊಬ್ಬ. "ಆಡಬಹುದು ಸಾರ್." ಅವರು ಮಾತು ಮುಗಿಸುವ ಮೊದಲೇ ಇವರ ಉತ್ತರ ರೆಡಿ. ಅವರು ನಗುವ ಮೊದಲೇ ಇವರ ನಗು ರೆಡಿ. ಕೋಲೆಬಸವನಿಗಾದರೂ ಹಾಗೆ ತಲೆಯಾಡಿಸುವಾಗ ಕೊರಳು ನೋಯುತ್ತದೆ. ಕೇಳುವವರಿಗೂ ನಾಚಿಕೆ ಇರಲಿಲ್ಲ. ಅವರಿಗೆ ಏನೂ ಬೇಕಾಗಿರಲಿಲ್ಲ, ಕಾಲು ಗಂಟೆ ಕಳೆಯಬೇಕಿತ್ತು, ಬಾಯಿಗೆ ಬಂದದ್ದು ಕೇಳುತ್ತಿದ್ದರು. ಇವರು ಮನೆಗೆ ಬಂದು ಅದನ್ನೆಲ್ಲ ಆಟಕ್ಕೆ ತುರುಕುತ್ತಿದ್ದರು.

"ಗಿರಾಕಿ ಮುಖ ನೋಡಿ ಕೂಗ್ಬೇಕು ಮಿಸ್ಸು. ಇದು ನಮ್ಮಮ್ಮನ ವಿದ್ಯೆ," ಅಂತ ನನಗೇ ಪಾಠ ಹೇಳಿದರು.

ಆಗ ತಾಯಿ ಅಲ್ಲೇ ಜಗುಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದರು. ತಲೆ ಎತ್ತದೆ ಅಂದರು, "ನಾನು ಕೂಗು ಬದ್ಲಾಯಿಸ್ತಿದ್ದೆ ಕಣ್ಲಾ. ಕನಕಾಂಬರ ಇಟ್ಕಂಡು ಮಲ್ಗೆ ಅಂತ ಮಾರ್ಲಿಲ್ಲ."

"ಅದೂ ಸರಿನೇಮ್ಮ," ಅಂದರು ಇವರು.

ತಾಯಿಗೆ ಗೊತ್ತಿಲ್ಲದೆ ಇವರು ಮಾಡಿದ ಕೆಲಸ ನನಗೆ ಒಂದು ಮಧ್ಯಾಹ್ನ ತಿಳಿಯಿತು. ಯಾರೋ ನೀಲಿ ಪಟ್ಟಿಯವನು, ಇಷ್ಟೊಂದು ಭಾಷೆ ಯಾಕೆ, ಇಂಗ್ಲಿಷ್ ದನಿ ಹಾಕಿ ಅಂದಿದ್ದನಂತೆ. ಮಹಡಿಗೆ ಹೋಗಿ ನೋಡುತ್ತೇನೆ, ಪರದೆಯ ಮೇಲೆ ಕತ್ತಿ ಹಿಡಿದ ಒಬ್ಬ ತೆಳ್ಳನೆಯ ಹುಡುಗಿ ಕತ್ತಲ ಬೀದಿಯಲ್ಲಿ ಓಡುತ್ತಿದ್ದಾಳೆ. ನಾನು ಬರೆದು ಕೊಡುವುದಿಲ್ಲ ಅಂದಿದ್ದಕ್ಕೆ ಆ ಹುಡುಗಿಯನ್ನು ಇಂಟರ್ನೆಟ್ಟಿನಲ್ಲಿ, ಯಾರು ಬೇಕಾದರೂ ಕೊಳ್ಳಬಹುದಾದ ಸಿದ್ಧ ಮಾಲಾಗಿ ತಗೊಂಡಿದ್ದರು. ಬಾಗಿಲುಗಳು ಒಂದೇ ತರಹ ತೆರೆದುಕೊಳ್ಳುತ್ತಿದ್ದವು. ಹುಡುಗಿ ಮೂಗಿನಿಂದ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದಳು.

"ಅಮ್ಮನ ದನಿ?"

"ಹಳೇದ್ರಾಗೆ ಐತಲ್ಲ ಮಿಸ್ಸು. ಎಲ್ಲಿಗ್ ಹೋಯ್ತದೆ."

"ಅವರು ಬೀದಿಗೆಲ್ಲಾ ಹೇಳಿಕೊಂಡು ಬಂದಿದ್ದಾರೆ. ಏನು ಹೇಳ್ತೀರಿ?"

"ನೀವ್ ಹೇಳೋದು ನ್ಯಾಯ್ವೇ. ಒಂದ್ಸಲ ಯಾರಾದ್ರೂ ಒಪ್ಕೊಂಬುಡ್ಲಿ, ಆಮೇಕೆ ಅಮ್ಮನ್ನ ವಾಪಸ್ ಹಾಕಾನ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಇನ್ನು ಮೇಲೆ ನಿಮ್ಮ ಜೊತೆ ಬರುವುದಿಲ್ಲ ಅಂತ ಹೇಳಿ ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ತಾಯಿ ಒಂದು ಮೊಳ ಮಲ್ಲಿಗೆ ಹಿಡಿದು ನಿಂತಿದ್ದರು. "ನೀನು ಜೊತೆಗಿರಮ್ಮ. ಅವ್ನು ಒಬ್ನೇ ಹೋದ್ರೆ ಬುಟ್ಟೀನೂ ಕೊಟ್ಬುಟ್ಟು ಬತ್ತಾನೆ," ಅಂದರು. ಅವರ ಮಾತಿಗಾಗಿ ಚೆನ್ನೈಗೆ ಇನ್ನೊಂದು ಸಲ ಹೋದೆ.

ಅಲ್ಲೂ ಅದೇ ಪಟ್ಟಿಗಳು, ಅದೇ ತಬ್ಬಾಟ, ಅದೇ ಕಡ್ಡಿ ತುಣುಕುಗಳು. ಮೇಜು ಹಾಕಿಕೊಂಡು ಸುತ್ತ ಕಣ್ಣಾಡಿಸಿದರೆ, ಪಕ್ಕದ ಮೇಜಿನ ಪರದೆಯಲ್ಲಿ ನಮ್ಮ ಹುಡುಗಿ ಕತ್ತಿ ಹಿಡಿದು ಓಡುತ್ತಿದ್ದಾಳೆ. ಅವಳೇ, ಅದೇ ಜಡೆ, ಅದೇ ಕತ್ತಿ. ಎದುರು ಸಾಲಿನಲ್ಲಿ ಇನ್ನೊಂದು ಪರದೆ, ಅಲ್ಲೂ ಅವಳೇ, ಅಂಗಿಯ ಬಣ್ಣ ಮಾತ್ರ ಬೇರೆ. ನಾನು ಇವರಿಗೆ ಬೆರಳು ಮಾಡಿ ತೋರಿಸಿದೆ. "ಈಗ ಇದೇ ಓಡ್ತಾ ಇರೋದು ಮಿಸ್ಸು. ನಾವು ಸರಿಯಾಗೇ ಹಿಡ್ದಿದೀವಿ," ಅಂತ ಖುಷಿಪಟ್ಟರು.

ಮಧ್ಯಾಹ್ನ ನಮ್ಮ ಮೇಜಿಗೆ ಬಂದ ಪಬ್ಲಿಷರು ವಯಸ್ಸಾದವರು. ತಮಿಳಿನವರು. ಹುಟ್ಟಿನಿಂದಲೇ ಬಂದ ಸಿಡುಕು ಮುಖ, ಹುಬ್ಬು ಸದಾ ಗಂಟು. ಕೂತು, ಹುಡುಗಿ ಓಡುವುದನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣು ತೆಗೆದರು. ನಿಮ್ಮೂರು ಯಾವುದು ಅಂತ ಕೇಳಿದರು. ಹೊಸೂರು ಅಂದಾಗ ಮುಖ ಇನ್ನಷ್ಟು ಸಿಂಡರಿಸಿ, ನೀರಿನ ಲೋಟ ಎತ್ತಿಕೊಂಡು ತಮಿಳಿನಲ್ಲಿ ಶುರು ಮಾಡಿದರು.

"ಹಿಂದೊಮ್ಮೆ ಬೆಂಗಳೂರಿನಲ್ಲಿ ನಿಮ್ಮ ಕಡೆಯವರು ಯಾರೋ ಒಂದು ಆಟ ಇಟ್ಟಿದ್ದರು. ಒಬ್ಬ ಮುದುಕಿ ಬೀದಿಯಲ್ಲಿ ಮೂರು ಭಾಷೆಯಲ್ಲಿ ಕೂಗಿಕೊಂಡು ಹೂ ಮಾರುತ್ತಾಳೆ..."

ಅಷ್ಟು ಹೇಳಿ ನೀರು ಕುಡಿದರು. ಆ ಒಂದು ಗುಟುಕಿನಷ್ಟು ಹೊತ್ತು ಇವರಿಗೆ ತಡೆಯಲಾಗಲಿಲ್ಲ. ಆ ಗಂಟು ಹುಬ್ಬನ್ನು ನೋಡಿ, ತಾವೇ ಮೊದಲು ನಕ್ಕು, ಅಚ್ಚ ತಮಿಳಿನಲ್ಲಿ ಹೇಳಿದರು, "ಅಯ್ಯೋ, ಅದು ನಮ್ಮದಲ್ಲ ಸಾರ್. ಅಂಥದನ್ನೆಲ್ಲ ಈಗ ಯಾರು ಆಡ್ತಾರೆ?"

ಅವರು ಲೋಟ ಕೆಳಗಿಟ್ಟರು. "ನಾನು ಆಡಿದೆ. ಮೇಜಿನ ಹತ್ತಿರ ಯಾರೂ ಇರಲಿಲ್ಲ. ಬೇರೆಯವರ ಹತ್ತಿರ ಮಾತು ಮುಗಿಸಿ ಬರುವಷ್ಟರಲ್ಲಿ ಮೇಜೇ ಖಾಲಿ. ಆವತ್ತಿನಿಂದ ಅದನ್ನೇ ಹುಡುಕುತ್ತಿದ್ದೇನೆ. ಹೊಸೂರು ಅಂತ ಮಾತ್ರ ಯಾರೋ ಹೇಳಿದರು. ಸಿಕ್ಕಿದ್ದರೆ ಈ ಸಲ ಅದನ್ನೇ ತಗೊಳ್ಳುತ್ತಿದ್ದೆ."

ನಾನು ಬಾಯಿ ಹಾಕಿದೆ. "ಇವರದೇ ಸಾರ್ ಅದು. ಆ ದನಿ ಇವರ ತಾಯಿಯದು. ಚಿತ್ರ ನನ್ನದು."

ಅವರು ಇವರ ಕಡೆ ತಿರುಗಿದರು. "ಹೌದಾ? ನಿಮ್ಮ ತಾಯಿಯಾ?"

ಹೌದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇವರು ಆ ಹಿರಿಯರ ಮುಖ ನೋಡಿದರು. ಏನು ಹೇಳಿದರೆ ಆ ಮುಖಕ್ಕೆ ಒಪ್ಪಿಗೆಯಾದೀತು ಅಂತ ಹುಬ್ಬಿನಿಂದ ಗಲ್ಲದವರೆಗೆ ಹುಡುಕಿದರು. ಅಲ್ಲಿ ಏನೂ ಸಿಗಲಿಲ್ಲ. ಕೈ ಕೈ ಉಜ್ಜಿಕೊಂಡು, "ನೀವು ಹೇಗೆ ಹೇಳ್ತೀರೋ ಹಾಗೆ ಸಾರ್," ಅಂದರು.

ನನ್ನ ಜೀವನದಲ್ಲಿ ನಾನು ಅಷ್ಟು ಅಸಹ್ಯ ಪಟ್ಟದ್ದಿಲ್ಲ. ಇವರ ಪಕ್ಕದಲ್ಲಿದ್ದ ನನ್ನ ಕುರ್ಚಿಯನ್ನು ದೂರ ಎಳೆದುಕೊಂಡೆ. ಆ ಹಿರಿಯರು ಸಿಟ್ಟಾಗಲೂ ಇಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಮೊದಲು ಅಲ್ಲ ಅಂದಿರಿ. ಈಗ ನನ್ನನ್ನೇ ಕೇಳುತ್ತೀರಿ. ನಾಳೆ ಬೇರೆ ಯಾರೋ ಬಂದು ಇದು ನನ್ನದು ಅಂದರೆ ನಾನು ಯಾರ ಹತ್ತಿರ ಹೋಗಲಿ? ಇದರಲ್ಲಿ ನಾನು ಕೈ ಹಾಕುವುದಿಲ್ಲ," ಅಂದರು. ನಾನು ಏನೇನೋ ಹೇಳಿದೆ, ಬೇಕಾದರೆ ಈಗಲೇ ಫೋನಿನಲ್ಲಿ ಅಮ್ಮನ ಹತ್ತಿರ ಕೂಗಿಸುತ್ತೇನೆ ಅಂದೆ. ಅವರು ಕೈ ಮುಗಿದು ಮುಂದಿನ ಮೇಜಿಗೆ ಹೋದರು. ಇವರು ಆ ಕುರ್ಚಿಯನ್ನು ಮತ್ತೆ ಒರೆಸುತ್ತಿದ್ದರು, ಇನ್ನೊಬ್ಬರು ಬರುವವರಿದ್ದರಲ್ಲ.

ಮಾರನೇ ಬೆಳಗ್ಗೆ ಬಸ್ಸಿನಲ್ಲಿ ಹೊರಟೆವು. ಕೃಷ್ಣಗಿರಿಯಲ್ಲಿ ಬಸ್ಸು ನಿಂತಾಗ ಎರಡು ಟೀ ತಂದು ಒಂದನ್ನು ಕಿಟಕಿಯಿಂದ ನನಗೆ ಕೊಟ್ಟು, ಅವರೇ ಮಾತು ತೆಗೆದರು.

"ಮುಖ ಸಿಂಡರಿಸ್ಕಂಡಿದ್ನಲ್ಲ ಮಿಸ್ಸು. ಬೈತಾನೆ ಅಂದ್ಕಂಡೆ."

"ಅವರು ನಿಮ್ಮ ತಾಯಿ ಹೌದೋ ಅಲ್ಲವೋ ಅಂತ ಕೇಳಿದರು. ಅದಕ್ಕೂ ಮುಖ ನೋಡಬೇಕಾ?"

"ನೀವ್ ಹೇಳೋದೂ ಸರಿನೇ," ಅಂದರು.

ಟೀಯನ್ನು ಅಲ್ಲೇ ಚೆಲ್ಲಿದೆ. ಇವರಿಗೆ ನಾಚಿಕೆಯಾದರೂ ಆಗಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಹೊಸೂರಿನವರೆಗೆ ಆರಾಮಾಗಿ ನಿದ್ದೆ ಮಾಡಿಕೊಂಡು ಬಂದರು.

ಮನೆ ಸೇರುವಾಗ ಮಧ್ಯಾಹ್ನ ತಿರುಗಿತ್ತು. ತಾಯಿ ಜಗುಲಿಯ ಮೇಲೆ ಮಡಿಲ ತುಂಬ ಮೊಗ್ಗು ಹಾಕಿಕೊಂಡು ಕಟ್ಟುತ್ತಿದ್ದರು. ಗೇಟಿನ ಸದ್ದಿಗೇ ಕೇಳಿದರು, "ಏನಂದ್ರುಲಾ?"

"ಬಾಳ ಚೆನ್ನಾಗೈತೆ ಅಂದ್ರಮ್ಮ," ಅಂದರು ಇವರು. ವಿಚಿತ್ರವೆಂದರೆ ಆ ಮಾತು ನಿಜವಾಗಿತ್ತು.

"ಯಾವಾಗ್ ಬತ್ತದಂತೆ?"

"ಬತ್ತದಮ್ಮ, ಬೇಗ ಬತ್ತದೆ."

ತಾಯಿ ನನ್ನ ಕಡೆ ನೋಡಿದರು. "ನೀನ್ ಹೇಳಮ್ಮ."

ನಾನು ಹೇಳಿದೆ. ದನಿ ತೆಗೆದದ್ದು, ಕತ್ತಿಯ ಹುಡುಗಿ, ಆ ಹಿರಿಯರು ಹುಡುಕಿಕೊಂಡು ಬಂದದ್ದು, ಇವರು ನಮ್ಮದಲ್ಲ ಅಂದದ್ದು, ನಿಮ್ಮ ತಾಯಿಯಾ ಅಂತ ಕೇಳಿದಾಗ ಕೊಟ್ಟ ಉತ್ತರ, ಒಂದನ್ನೂ ಬಿಡಲಿಲ್ಲ. ಇವರು ನನ್ನ ಮಾತಿಗೂ ಮಧ್ಯೆ ಮಧ್ಯೆ ತಲೆಯಾಡಿಸುತ್ತಾ ನಿಂತಿದ್ದರು. ತಾಯಿ ಕೈಯಲ್ಲಿದ್ದ ದಾರಕ್ಕೆ ಇನ್ನೆರಡು ಮೊಗ್ಗು ಸೇರಿಸಿ, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದರು. ಅವರ ದನಿಯಲ್ಲಿ ಅಳು ಇರಲಿಲ್ಲ.

"ಹಂಗಾದ್ರೆ ನನ್ ಕೂಗ್ ನಂಗೆ ವಾಪಸ್ ಕೊಟ್ಬುಡ್ಲಾ."

ಇವರು ಚಪ್ಪಲಿ ಬಿಡುತ್ತಾ ತಾಯಿಯ ಮುಖ ನೋಡಿದರು.

"ಆಯ್ತಮ್ಮ," ಅಂದರು. "ಕೊಡ್ತೀನಿ."